ಓದುಗರ ಪ್ರಶ್ನೆ: ಡಾನ್ಸ್‌ಹಾಲ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ರೆಗೆ ಎಂದರೆ ಬಾಬ್ ಮಾರ್ಲಿ, ಅಷ್ಟೇ ಗೊತ್ತು. ಡಾನ್ಸ್‌ಹಾಲ್ ಕೇಳೋಣವೆಂದರೆ ನೂರಾರು ಹೆಸರು ಎದುರಿಗೆ ಬರುತ್ತವೆ. ಶುರು ಮಾಡಲು ನಾಲ್ಕೈದು ಹಾಡು ಹೇಳುತ್ತೀರಾ?

ಉತ್ತರ: ಡಾನ್ಸ್‌ಹಾಲ್ ಎಂದರೆ ರೆಗೆಯಿಂದ ಬೆಳೆದ, ಕುಣಿತಕ್ಕೆ ಹೇಳಿಮಾಡಿಸಿದ ಜಮೈಕಾದ ಸಂಗೀತ. ಗಾಯಕರ ಹೆಸರು ಹಿಡಿದು ಹೊರಟರೆ ಗೊಂದಲವೇ. ಇಲ್ಲಿ ಹಿಡಿಯಬೇಕಾದ್ದು ರಿದಿಮ್. ಜಮೈಕಾದ ನಿರ್ಮಾಪಕರು ಡ್ರಮ್ಮು, ಬೇಸು ಸೇರಿದ ಹಿನ್ನೆಲೆಯನ್ನು ಮೊದಲೇ ಸಿದ್ಧಮಾಡಿ, ಅದಕ್ಕೊಂದು ಹೆಸರಿಟ್ಟು, ಹಲವು ಗಾಯಕರಿಗೆ ಕೊಡುತ್ತಾರೆ. ಒಬ್ಬೊಬ್ಬರೂ ಅದರ ಮೇಲೆ ತಮ್ಮದೇ ಸಾಹಿತ್ಯ, ತಮ್ಮದೇ ರಾಗ ಕಟ್ಟುತ್ತಾರೆ. ಹಾಗಾಗಿ ಬಿಡಿಬಿಡಿಯಾಗಿ ಹಾಡು ಕೇಳುವುದಕ್ಕಿಂತ ಒಂದೇ ರಿದಿಮ್‌ನ ಹಾಡುಗಳನ್ನು ಒಂದರ ಹಿಂದೊಂದು ಕೇಳಿದರೆ ಈ ಸಂಗೀತ ಬೇಗ ಒಲಿಯುತ್ತದೆ.

ಮೊದಲು 'ದಿವಾಲಿ' ರಿದಿಮ್ ತೆಗೆದುಕೊಳ್ಳಿ. 2002ರಲ್ಲಿ ಸ್ಟೀವನ್ 'ಲೆಂಕಿ' ಮಾರ್ಸ್‌ಡೆನ್ ಮಾಡಿದ್ದು. ಚಪ್ಪಾಳೆಯ ಸದ್ದೇ ಅದರ ಗುರುತು. ಅದರ ಮೇಲೆ ಶಾನ್ ಪಾಲ್ ಹಾಡಿದ 'ಗೆಟ್ ಬಿಜಿ' 2003ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ಅದು ಮುಗಿದ ಕೂಡಲೇ ವೇನ್ ವಂಡರ್ ಅವರ 'ನೋ ಲೆಟಿಂಗ್ ಗೋ', ಆಮೇಲೆ ಬೌಂಟಿ ಕಿಲ್ಲರ್ ಅವರ 'ಸಫರರ್' ಹಾಕಿ. ಚಪ್ಪಾಳೆ ಅದೇ, ಒಂದು ಕುಣಿತಕ್ಕೆ, ಇನ್ನೊಂದು ಪ್ರೀತಿಗೆ, ಮತ್ತೊಂದು ಬಡತನದ ಬವಣೆಗೆ.

ಎರಡನೆಯದು 'ಸ್ಟಾಲಾಗ್'. 1973ರಲ್ಲಿ ಆನ್ಸೆಲ್ ಕಾಲಿನ್ಸ್ ನುಡಿಸಿ ವಿನ್‌ಸ್ಟನ್ ರೈಲಿ ನಿರ್ಮಿಸಿದ ವಾದ್ಯ ತುಣುಕು. ಅದರ ಮೇಲೆಯೇ ಸಿಸ್ಟರ್ ನ್ಯಾನ್ಸಿ ಅವರ 'ಬ್ಯಾಮ್ ಬ್ಯಾಮ್' (1982), ಟೆನರ್ ಸಾ ಅವರ 'ರಿಂಗ್ ದಿ ಅಲಾರ್ಮ್' (1985) ಹುಟ್ಟಿದವು. ಹುಡುಕುವಾಗ ಒಂದು ಎಚ್ಚರ: 'ಬ್ಯಾಮ್ ಬ್ಯಾಮ್' ಎಂಬ ಹೆಸರಿನ ರಿದಿಮ್ಮೇ ಬೇರೆ ಇದೆ. ಅದು ಸ್ಲೈ ಮತ್ತು ರಾಬಿ ಜೋಡಿಯದು, ಚಾಕಾ ಡೀಮಸ್ ಮತ್ತು ಪ್ಲಯರ್ಸ್ ಅವರ 'ಮರ್ಡರ್ ಶಿ ರೋಟ್' ಅದರ ಮೇಲೆ ಬಂತು. 1966ರಲ್ಲಿ ಮೇಟಲ್ಸ್ ತಂಡ ಹಾಡಿದ 'ಬ್ಯಾಮ್ ಬ್ಯಾಮ್' ಕೂಡ ಇದೆ. ಮೂರನ್ನೂ ಕೇಳಿ, ಬೆರೆಸಿಕೊಳ್ಳಬೇಡಿ.

ಪ್ರಶ್ನೆ: ಫೋನಿನಲ್ಲಿ ಕೇಳಿದರೆ ಎಲ್ಲ ಹಾಡೂ ಒಂದೇ ಥರ ಅನಿಸುತ್ತದೆ. ತಾಳವೂ ಹಿಡಿಯಲಾಗುತ್ತಿಲ್ಲ.

ಉತ್ತರ: ಫೋನಿನ ಪುಟ್ಟ ಸ್ಪೀಕರ್ ಸುಮಾರು 200 ಹರ್ಟ್ಜ್‌ಗಿಂತ ಕೆಳಗಿನದನ್ನು ಸರಿಯಾಗಿ ನುಡಿಸುವುದೇ ಇಲ್ಲ. ಡಾನ್ಸ್‌ಹಾಲ್‌ನ ಬೇಸ್ ಬಹುಪಾಲು ಇರುವುದು ಅದರ ಕೆಳಗೆ. ಅಂದರೆ ನಿಮ್ಮ ಕಿವಿಗೆ ಅರ್ಧ ಹಾಡು ತಲುಪುತ್ತಿಲ್ಲ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಅಥವಾ ವೂಫರ್ ಇರುವ ಸ್ಪೀಕರ್ ಬಳಸಿ. ಬೇಸ್ ಬೂಸ್ಟ್ ಪೂರ್ತಿ ಏರಿಸಬೇಡಿ, ಮಾತು ಮುಳುಗಿ ಸದ್ದು ಒಡೆಯುತ್ತದೆ.

ತಾಳಕ್ಕೆ 'ಮರ್ಡರ್ ಶಿ ರೋಟ್' ಹಾಕಿ ಎಂಟರವರೆಗೆ ಎಣಿಸಿ: ತಕಿಟ, ತಕಿಟ, ತಕ. ಮೂರು, ಮೂರು, ಎರಡು. ಒತ್ತು 1, 4, 7ನೇ ಎಣಿಕೆಗಳ ಮೇಲೆ ಬೀಳುತ್ತದೆ. ಕೈಯಲ್ಲಿ ತಟ್ಟುತ್ತಾ ಹೋದರೆ ಎರಡನೇ ಸಲಕ್ಕೇ ಹಿಡಿತಕ್ಕೆ ಬರುತ್ತದೆ. 'ಸ್ಟಾಲಾಗ್'ನಂಥ ಹಳೆಯ ರಿದಿಮ್‌ಗಳಲ್ಲಿ ಈ ಲೆಕ್ಕ ಇಷ್ಟು ಸ್ಪಷ್ಟವಾಗಿ ಕೇಳಿಸದು, ಅಲ್ಲಿ ಹಳೆಯ ರೆಗೆಯ ನಡೆಯೇ ಮುಂದುವರಿದಿದೆ. ಅದನ್ನು ಆಮೇಲೆ ನೋಡಿಕೊಳ್ಳಿ.

ಪ್ರಶ್ನೆ: ತೊಂಬತ್ತರ ದಶಕದಿಂದ ಕೇಳುತ್ತಿದ್ದೇನೆ. ಶಾಬಾ ರ‍್ಯಾಂಕ್ಸ್, ಬೀನಿ ಮ್ಯಾನ್, ಶಾನ್ ಪಾಲ್ ಎಲ್ಲ ಬಾಯಿಪಾಠ. ನನ್ನಂಥವರಿಗೆ ಇನ್ನೇನು ಉಳಿದಿದೆ?

ಉತ್ತರ: ತುಂಬ ಉಳಿದಿದೆ. 1985ಕ್ಕೆ ಹಿಂದಿರುಗಿ. ಕಿಂಗ್‌ಸ್ಟನ್‌ನ ನಿರ್ಮಾಪಕ ಪ್ರಿನ್ಸ್ ಜ್ಯಾಮಿ (ಮುಂದೆ ಕಿಂಗ್ ಜ್ಯಾಮಿ) ಆ ವರ್ಷ 'ಸ್ಲೆಂಗ್ ಟೆಂಗ್' ರಿದಿಮ್ ಹೊರತಂದರು. ಮೂಲ ನೋಯೆಲ್ ಡೇವಿ ಅವರ ಪುಟ್ಟ ಕ್ಯಾಸಿಯೊ ಎಂಟಿ-40 ಕೀಬೋರ್ಡು. ಜಪಾನಿನ ಕ್ಯಾಸಿಯೊ ಕಂಪನಿಯ ಹಿರೋಕೊ ಒಕುದಾ ಅದರೊಳಗೆ ಸಿದ್ಧವಾಗಿಟ್ಟಿದ್ದ 'ರಾಕ್' ಲಯ. ಜ್ಯಾಮಿ ಅದರ ವೇಗ ಇಳಿಸಿದರು, ವೇನ್ ಸ್ಮಿತ್ ಹಾಡಿದರು. ಅಲ್ಲಿಯವರೆಗೆ ರಿದಿಮ್ ಕಟ್ಟಲು ಸ್ಟುಡಿಯೋ ತುಂಬ ವಾದಕರು ಬೇಕಿತ್ತು. ಇದಾದ ಮೇಲೆ ಒಂದು ಕೀಬೋರ್ಡಿದ್ದರೂ ಆಗುತ್ತದೆ ಎಂದಾಯಿತು, ಡಾನ್ಸ್‌ಹಾಲ್‌ನ ಸದ್ದೇ ಬದಲಾಯಿತು.

ಸ್ಮಿತ್ ಹಾಡಿದ ಆ 'ಅಂಡರ್ ಮಿ ಸ್ಲೆಂಗ್ ಟೆಂಗ್' ನಿಮಗೆ ಗೊತ್ತೇ ಇರುತ್ತದೆ. ಅದೇ ರಿದಿಮ್ ಮೇಲೆ ಜಾನಿ ಆಸ್‌ಬೋರ್ನ್ ಅವರ 'ಬಡಿ ಬೈ', ಟೆನರ್ ಸಾ ಅವರ 'ಪಂಪ್‌ಕಿನ್ ಬೆಲ್ಲಿ' ಕೇಳಿ. ಯಂತ್ರ ಎಳ್ಳಷ್ಟೂ ಅಲುಗಾಡದೆ ನಡೆಯುವಾಗ ಇಬ್ಬರೂ ಅದರ ಮೇಲೆ ಎಷ್ಟು ಬೇರೆಬೇರೆಯಾಗಿ ಹಾಡುತ್ತಾರೆ ಗಮನಿಸಿ. ನನ್ನ ಮಟ್ಟಿಗೆ 'ಬಡಿ ಬೈ' ಮೂಲ ಹಾಡಿಗಿಂತ ಒಂದು ಕೈ ಮೇಲು.

ಅಲ್ಲಿಂದ ಸ್ಟೀಲಿ ಮತ್ತು ಕ್ಲೀವಿ ಜೋಡಿಯ 'ಪೋಕೊ ಮ್ಯಾನ್ ಜ್ಯಾಮ್' ರಿದಿಮ್‌ಗೆ ಬನ್ನಿ. ಶಾಬಾ ಅವರ 'ಡೆಮ್ ಬೋ' ಇದರ ಮೇಲಿನದೇ. ಈ ಡ್ರಮ್ ನಡೆಯೇ ಮುಂದೆ ಸ್ಪ್ಯಾನಿಷ್ ಭಾಷೆಯ ರೆಗೆಟಾನ್ ಸಂಗೀತಕ್ಕೆ ಬುನಾದಿಯಾಯಿತು. ಆದರೆ ಹಾಡಿನ ಸಾಹಿತ್ಯ ಸಲಿಂಗಿಗಳನ್ನು ಹೀಗಳೆಯುತ್ತದೆ. ಅದನ್ನು ಮುಚ್ಚಿಟ್ಟು ಶಿಫಾರಸು ಮಾಡುವುದು ಸರಿಯಲ್ಲ. ರಿದಿಮ್ ಮಾತ್ರ ಬೇಕೆಂದರೆ ಗ್ರೆಗರಿ ಪೆಕ್ ಎಂಬ ಜಮೈಕಾದ ಗಾಯಕರ 'ಪೋಕೊ ಮ್ಯಾನ್ ಜ್ಯಾಮ್' ಸಾಕು.

ಸಾಹಿತ್ಯದ ತೂಕ ಬೇಕಿದ್ದರೆ ಬೂಜು ಬ್ಯಾಂಟನ್. 1993ರ 'ಮರ್ಡರರ್' ಬಂದೂಕಿನ ವಿರುದ್ಧ ಎತ್ತಿದ ದನಿ, 1995ರ 'ಟಿಲ್ ಶೈಲೋ' ಆಲ್ಬಮ್ಮನ್ನು ಮೊದಲಿನಿಂದ ಕೊನೆವರೆಗೆ ಒಂದೇ ಕೂತಲ್ಲಿ ಕೇಳಬೇಕು. ಈಚಿನದರಲ್ಲಿ ವೈಬ್ಸ್ ಕಾರ್ಟೆಲ್ ಅವರ 'ಫೀವರ್' (2016).

ಪ್ರಶ್ನೆ: ಮಕ್ಕಳ ಮುಂದೆ ಹಾಕಬಹುದೇ?

ಉತ್ತರ: ಕೇಳದೆ ಹಾಕಬೇಡಿ. ಲೈಂಗಿಕತೆ, ಬಂದೂಕು ಎರಡೂ ಸಾಕಷ್ಟಿವೆ. 2009ರಲ್ಲಿ ಜಮೈಕಾದ ಪ್ರಸಾರ ಆಯೋಗವೇ ಅತಿ ಅಶ್ಲೀಲ ಹಾಡುಗಳನ್ನು ರೇಡಿಯೊ, ಟಿವಿಯಿಂದ ನಿಷೇಧಿಸಿತ್ತು. ಜಮೈಕನ್ ಪಾಟ್ವಾ (ಅಲ್ಲಿನ ಆಡುಮಾತು) ಅರ್ಥವಾಗದು ಎಂಬ ಧೈರ್ಯವೂ ಬೇಡ, ಮಕ್ಕಳು ಬೇಗ ಕಲಿಯುತ್ತಾರೆ. 'ನೋ ಲೆಟಿಂಗ್ ಗೋ', ಸಿಸ್ಟರ್ ನ್ಯಾನ್ಸಿಯ 'ಬ್ಯಾಮ್ ಬ್ಯಾಮ್', ಕಾಫಿ ಎಂಬ ಗಾಯಕಿಯ 'ಟೋಸ್ಟ್' ಇವಕ್ಕೆ ಅಳುಕಬೇಕಿಲ್ಲ.

ಪ್ರಶ್ನೆ: ಪಾರ್ಟಿಗೆ ಹಾಡು ಜೋಡಿಸುವುದು ಹೇಗೆ?

ಉತ್ತರ: ಒಂದು ರಿದಿಮ್‌ನ ಮೂರ್ನಾಲ್ಕು ಹಾಡು ಸಾಲಾಗಿ, ಒಂದೊಂದಕ್ಕೆ 60ರಿಂದ 90 ಸೆಕೆಂಡು. ಜಮೈಕಾದ ಸೌಂಡ್ ಸಿಸ್ಟಮ್‌ಗಳಲ್ಲಿ (ದೊಡ್ಡ ಸ್ಪೀಕರ್ ಹೂಡಿ ಕುಣಿತಕ್ಕೆ ಹಾಡು ಹಾಕುವ ತಂಡಗಳಲ್ಲಿ) ಜಗ್ಲಿಂಗ್ ಎನ್ನುವುದು ಇದಕ್ಕೇ. ಹಿನ್ನೆಲೆ ಅದೇ ಇರುವುದರಿಂದ ವೇಗ ಸಾಮಾನ್ಯವಾಗಿ ಹೊಂದುತ್ತದೆ, ಕುಣಿಯುವವರು ಹೆಜ್ಜೆ ತಪ್ಪುವುದಿಲ್ಲ. ಆ್ಯಪ್‌ನ ಕ್ರಾಸ್‌ಫೇಡ್ ಆರಿಸಿಬಿಡಿ. ಅದು ಆವರ್ತ ನೋಡದೆ ಎರಡು ಬೇಸನ್ನು ಒಂದರ ಮೇಲೊಂದು ಎಳೆದು ಕಲಸುತ್ತದೆ. ಆವರ್ತದ ಮೊದಲ ಪೆಟ್ಟಿಗೆ ಸರಿಯಾಗಿ ಕತ್ತರಿಸಿ ಮುಂದಿನದಕ್ಕೆ ಹೋಗಿ. 1985ಕ್ಕಿಂತ ಹಿಂದಿನವು ಹೆಚ್ಚಾಗಿ ಮನುಷ್ಯರೇ ಬಾರಿಸಿದ ಡ್ರಮ್, ವೇಗ ತುಸು ಏರಿಳಿಯುತ್ತದೆ; ಅಲ್ಲಿ ಸಾಫ್ಟ್‌ವೇರ್‌ನ ಸಿಂಕ್ ಗುಂಡಿ ನಂಬದೆ ಕಿವಿಯಿಂದಲೇ ಹೊಂದಿಸಿ. ಯಾವುದಾದರೂ ಹಾಡಿಗೆ ಜನ ಕೂಗೆಬ್ಬಿಸಿದರೆ ಅಲ್ಲೇ ನಿಲ್ಲಿಸಿ, ಮೊದಲಿನಿಂದ ಮತ್ತೆ ಹಾಕಿ, ಈ ಸಲ ಪೂರ್ತಿ ಬಿಡಿ.