ಅಣ್ಣನ ಚೀಟಿಯಲ್ಲಿ ‘ಸ್ಟೀರಾಯ್ಡ್ ಮಾಡಿಫೈಡ್ ಟೀನಿಯಾ’, ಅಮ್ಮನ ಚೀಟಿಯಲ್ಲಿ ‘ಪಂಚ್ ಬಯಾಪ್ಸಿ’: ಹಾಗಂದ್ರೇನು?

ನೀವು ಬರೆದಿರುವುದು ಇಷ್ಟು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಣ್ಣನ ಚೀಟಿಯಲ್ಲಿ ‘ಟೀನಿಯಾ ಕಾರ್ಪೋರಿಸ್ ಎಟ್ ಕ್ರೂರಿಸ್, ಸ್ಟೀರಾಯ್ಡ್ ಮಾಡಿಫೈಡ್, ಕೆಓಎಚ್ ಪಾಸಿಟಿವ್’ ಅಂತಿದೆ. ಅಮ್ಮನ ಮೊಣಕೈ ಕೆಳಗೆ ಒಂದು ಮಾಸಲು ಮಚ್ಚೆ. ರೊಟ್ಟಿ ಮಾಡುವಾಗ ಅಲ್ಲಿ ಹಂಚು ತಗುಲಿ ಸುಟ್ಟರೂ ಅವರಿಗೆ ಗೊತ್ತಾಗಿಲ್ಲ. ಅವರ ಚೀಟಿಯಲ್ಲಿ ‘ಹೈಪೋಪಿಗ್ಮೆಂಟೆಡ್ ಪ್ಯಾಚ್, ಸೆನ್ಸೇಷನ್ ಇಂಪೇರ್ಡ್, ಹ್ಯಾನ್ಸನ್ಸ್?, ಎಸ್‌ಎಸ್‌ಎಸ್, ಪಂಚ್ ಬಯಾಪ್ಸಿ’ ಅಂತಿದೆ. ಬಯಾಪ್ಸಿ ಅನ್ನೋದನ್ನ ಕೇಳಿ ಮನೆಯಲ್ಲಿ ಎಲ್ಲರೂ ಕ್ಯಾನ್ಸರ್ ಅಂತ ಹೆದರಿ ಕೂತಿದ್ದಾರೆ.

ನಾನು ದಾವಣಗೆರೆಯಲ್ಲೇ ಚರ್ಮದ ವಿಭಾಗದಲ್ಲಿ ಸ್ಟಾಫ್ ನರ್ಸ್. ಮೈನರ್ ಓಟಿಯಲ್ಲಿ, ಅಂದರೆ ಸಣ್ಣಪುಟ್ಟ ಆಪರೇಷನ್ ಮಾಡುವ ಕೋಣೆಯಲ್ಲಿ, ಬಯಾಪ್ಸಿ ಟ್ರೇ ಜೋಡಿಸುವುದು ನನ್ನ ಕೆಲಸ. ಔಷಧಿ ಬದಲಿಸುವ ಮಾತು ನನ್ನದಲ್ಲ, ಅದು ನಿಮ್ಮವರನ್ನು ನೋಡಿದ ಡಾಕ್ಟರದ್ದು. ಚೀಟಿಯಲ್ಲಿ ಏನಿದೆ, ಯಾಕೆ ಬರೆದಿದ್ದಾರೆ ಅನ್ನೋದನ್ನ ಮಾತ್ರ ಹೇಳುತ್ತೇನೆ.

ಮೊದಲು ಎಲ್ಲರೂ ಧೈರ್ಯವಾಗಿ ಊಟ ಮಾಡಿ. ಬಯಾಪ್ಸಿ ಅಂದರೆ ಚರ್ಮದ ಒಂದು ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು, ಅಷ್ಟೇ. ನಮ್ಮಲ್ಲಿ ಸೋರಿಯಾಸಿಸ್‌ಗೂ ಮಾಡುತ್ತಾರೆ, ಮೈಮೇಲೆ ನೀರುಗುಳ್ಳೆ ಏಳುವ ಕಾಯಿಲೆಗೂ ಮಾಡುತ್ತಾರೆ. ಅಮ್ಮನ ಚೀಟಿಯಲ್ಲಿ ಕ್ಯಾನ್ಸರಿನ ಮಾತೇ ಇಲ್ಲ.

ಅಣ್ಣನ ವಿಷಯ ಮೊದಲು ನೋಡೋಣ. ಟೀನಿಯಾ ಅಂದರೆ ನಾವು ಹುಳುಕಡ್ಡಿ, ಗಜಕರ್ಣ ಅಂತೀವಲ್ಲ, ಅದೇ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳದಿಂದ ಬರುವುದಲ್ಲ, ಫಂಗಸ್‌ನಿಂದ ಬರುವುದು. ಟೀನಿಯಾ ಆದ ಮೇಲೆ ಬರುವ ಪದ ಮೈಯಲ್ಲಿ ಎಲ್ಲಿದೆ ಅಂತ ಹೇಳುತ್ತದೆ. ಕಾರ್ಪೋರಿಸ್ ಅಂದರೆ ಮೈಮೇಲೆ. ಕ್ರೂರಿಸ್ ಅಂದರೆ ತೊಡೆ ಸಂದಿಯಲ್ಲಿ. ಎಟ್ ಅಂದರೆ ‘ಮತ್ತು’. ತಲೆಯಲ್ಲಾದರೆ ಕ್ಯಾಪಿಟಿಸ್, ಪಾದದಲ್ಲಾದರೆ ಪೀಡಿಸ್. ಅಂದರೆ ಅಣ್ಣನಿಗೆ ಮೈಮೇಲೂ ತೊಡೆ ಸಂದಿಯಲ್ಲೂ ಹುಳುಕಡ್ಡಿ ಇದೆ. ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ಬೆವರುವವರಿಗೆ ಇದು ಬರುವುದು ಆಶ್ಚರ್ಯ ಅಲ್ಲ. ಬೆವರಿದ ಬಟ್ಟೆ ಸಂಜೆವರೆಗೂ ಮೈಮೇಲೇ ಇರುತ್ತೆ ಅಲ್ವಾ?

ಕೆಓಎಚ್ ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ಪರೀಕ್ಷೆ ತುಂಬ ಸರಳ. ಹುಳುಕಡ್ಡಿ ಉಂಗುರದ ಹಾಗೆ ಏಳುತ್ತದಲ್ಲ, ಆ ಉಂಗುರದ ಅಂಚನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ಸ್ಲೈಡ್ ಮೇಲೆ ಹಿಡಿಯುತ್ತೇವೆ. ಮೇಲೆ ಒಂದು ತೊಟ್ಟು ಕೆಓಎಚ್. ಸ್ವಲ್ಪ ಹೊತ್ತು ಬಿಟ್ಟರೆ ಚರ್ಮದ ಕಣಗಳು ಕರಗಿ ತಿಳಿಯಾಗುತ್ತವೆ, ಫಂಗಸ್ ಮಾತ್ರ ಕರಗದೆ ಉಳಿಯುತ್ತದೆ. ಮೈಕ್ರೋಸ್ಕೋಪಿನಲ್ಲಿ ಕವಲೊಡೆದ ಸಣ್ಣ ಸಣ್ಣ ಎಳೆಗಳು ಕಾಣುತ್ತವೆ. ಕಂಡರೆ ಪಾಸಿಟಿವ್. ರಕ್ತ ಬೇಡ, ನೋವೂ ಇಲ್ಲ. ಅಂಚನ್ನೇ ಕೆರೆಯುವುದಕ್ಕೆ ಕಾರಣ ಇದೆ. ಒಣಹುಲ್ಲಿಗೆ ಬೆಂಕಿ ಬಿದ್ದಾಗ ನಡುವೆ ಆರಿ ಸುತ್ತ ಉರಿಯುತ್ತಾ ಹೋಗುತ್ತಲ್ಲ, ಹಾಗೇ ಈ ಫಂಗಸ್ ಅಂಚಿನಲ್ಲಿ ಚುರುಕಾಗಿರುತ್ತದೆ. ಅದಕ್ಕೇ ಮುಲಾಮನ್ನೂ ಉಂಗುರ ದಾಟಿ ಎರಡು ಸೆಂಟಿಮೀಟರಿನಷ್ಟು ಆಚೆವರೆಗೆ ಹಚ್ಚಿ ಅನ್ನುತ್ತಾರೆ.

ಇನ್ನು ‘ಸ್ಟೀರಾಯ್ಡ್ ಮಾಡಿಫೈಡ್’. ನಿಮ್ಮ ಅಣ್ಣನ ಚೀಟಿಯಲ್ಲಿ ಮುಖ್ಯವಾದ ಪದ ಇದೇ. ಡಾಕ್ಟರ್ ಹತ್ತಿರ ಬರುವ ಮೊದಲು ಅವರು ಯಾವುದೋ ಸ್ಟೀರಾಯ್ಡ್ ಮುಲಾಮು ಹಚ್ಚಿದ್ದಾರೆ, ಅದರಿಂದ ಹುಳುಕಡ್ಡಿಯ ರೂಪವೇ ಬದಲಾಗಿದೆ ಅಂತ ಅರ್ಥ. ನಮ್ಮ ಓಪಿಡಿಗೆ ಬರುವವರಲ್ಲಿ ಎಷ್ಟೋ ಜನ ಜೇಬಿನಿಂದ ಒಂದು ಹಿಂಡಿದ ಟ್ಯೂಬ್ ತೆಗೆದು ತೋರಿಸುತ್ತಾರೆ. “ಸಿಸ್ಟರ್, ಭಾಳ ಚಲೋ ಟ್ಯೂಬ್ ರೀ ಇದು. ಹಚ್ಚಿದ ಮಾರನೇ ದಿನಕ್ಕೇ ತುರಿಕೆ ನಿಲ್ತಿತ್ತು. ಬಿಟ್ರೆ ಮತ್ತೆ ಬರುತ್ತೆ ನೋಡ್ರಿ.” ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿದರೆ ಸ್ಟೀರಾಯ್ಡು, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರನ್ನೂ ಒಂದಕ್ಕೇ ತುಂಬಿರುತ್ತಾರೆ.

ತುರಿಕೆ ನಿಲ್ಲುವುದು ನಿಜ. ಆದರೆ ಕಾಯಿಲೆ ಹೋಗಿರುವುದಿಲ್ಲ. ತುರಿಕೆ, ಕೆಂಪು, ಉರಿ ಇವೆಲ್ಲ ಫಂಗಸ್ ಮೇಲೆ ನಮ್ಮ ದೇಹ ಮಾಡುವ ಹೋರಾಟದ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ತಗ್ಗಿಸುತ್ತದೆ. ಫಂಗಸ್‌ಗೆ ಅಡ್ಡಿ ಇಲ್ಲದಂತಾಗಿ ಅದು ಆರಾಮಾಗಿ ಹರಡುತ್ತದೆ. ಉಂಗುರದೊಳಗೆ ಇನ್ನೊಂದು ಉಂಗುರ ಏಳುತ್ತದೆ, ಅಂಚು ಮಸುಕಾಗುತ್ತದೆ, ನೋಡಿದವರಿಗೆ ಹುಳುಕಡ್ಡಿ ಅಂತ ಗುರುತೇ ಸಿಗದ ಹಾಗಾಗುತ್ತದೆ. ಆಗ ಚೀಟಿಯಲ್ಲಿ ಟೀನಿಯಾ ಇನ್‌ಕಾಗ್ನಿಟೋ ಅಂತಲೂ ಬರೆಯುತ್ತಾರೆ. ತೊಡೆ ಸಂದಿಯಂಥ ತೆಳು ಚರ್ಮದಲ್ಲಿ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಸೀಳಿದಂತೆ ಪಟ್ಟೆ ಬೀಳುತ್ತದೆ. ಅದಕ್ಕೆ ಸ್ಟ್ರಯೇ ಅನ್ನುತ್ತಾರೆ. ಆ ಪಟ್ಟೆ ಪೂರ್ತಿ ಹೋಗುವುದಿಲ್ಲ. ಮದುವೆ ವಯಸ್ಸಿಗೆ ಬಂದ ಹುಡುಗರು ಪಟ್ಟೆ ತೋರಿಸಿ “ಹೋಗುತ್ತಾ ಅಕ್ಕ?” ಅಂತ ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಈ ಮುಲಾಮುಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಇಸುಬಿಗೆ, ಸೋರಿಯಾಸಿಸ್‌ಗೆ ಇವೇ ಮುಖ್ಯ ಔಷಧಿ. ಡಾಕ್ಟರ್ ಇಷ್ಟು ದಿನ, ಇಷ್ಟು ಪ್ರಮಾಣ ಅಂತ ಹೇಳಿ ಕೊಟ್ಟಾಗ ಚೆನ್ನಾಗಿ ಕೆಲಸ ಮಾಡುತ್ತವೆ. ಕ್ಲೋಬೆಟಸಾಲ್ ಅಂತೂ ಈ ಗುಂಪಿನಲ್ಲೇ ತುಂಬ ಜೋರಾದದ್ದು. ಅದನ್ನು ಪೌಡರ್ ಹಚ್ಚಿದ ಹಾಗೆ ಹಚ್ಚುವಂತಿಲ್ಲ. ಕೇಂದ್ರ ಸರ್ಕಾರ 2018ರಲ್ಲೇ ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ “ಗಜಕರ್ಣದ ಟ್ಯೂಬ್ ಕೊಡಿ” ಅಂದರೆ ಸಿಕ್ಕೇ ಸಿಗುತ್ತದೆ. ಅಣ್ಣನ ಹತ್ತಿರ ಹಳೇ ಟ್ಯೂಬ್ ಇದ್ದರೆ ಹಿಂದೆ ಬರೆದಿರುವುದನ್ನು ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್, ಫ್ಲೂಸಿನೋಲೋನ್ ಇವುಗಳಲ್ಲಿ ಯಾವುದಿದ್ದರೂ ಸ್ಟೀರಾಯ್ಡ್ ಅಂತಲೇ ತಿಳಿಯಿರಿ. ಎಸೆಯುವ ಮೊದಲು ಡಾಕ್ಟರಿಗೆ ತೋರಿಸಿ, ಅವರಿಗೆ ಬೇಕಾದ ಮಾಹಿತಿ ಅದು.

ಈಗ ಕೊಟ್ಟಿರುವ ಮಾತ್ರೆ ಬಹುಶಃ ಇಟ್ರಾಕೊನಜೋಲ್ ಇಲ್ಲವೇ ಟರ್ಬಿನಾಫಿನ್ ಇರಬೇಕು. ನಮ್ಮ ದೇಶದಲ್ಲಿ ಟರ್ಬಿನಾಫಿನ್‌ಗೆ ಬಗ್ಗದ ಒಂದು ಫಂಗಸ್ ಹರಡಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟೀನಿಯೇ ಅಂತ ಹೆಸರಿಟ್ಟರು. ಆದ್ದರಿಂದ ‘ಪಕ್ಕದ ಮನೆಯವರಿಗೆ ಹದಿನೈದು ದಿನಕ್ಕೆ ಹೋಯಿತು, ನಮಗೆ ಯಾಕೆ ಇಷ್ಟು ದಿನ’ ಅಂತ ಬೇಸರ ಬೇಡ. ವಾರಗಟ್ಟಲೆ ಬೇಕಾಗುತ್ತದೆ. ತುರಿಕೆ ನಿಂತ ಮೇಲೂ ಹೇಳಿದಷ್ಟು ದಿನ ಮುಗಿಸಲೇಬೇಕು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಆದರೆ ಊಟದ ಜೊತೆ ತಗೊಳ್ಳಲಿ. ಹೊಟ್ಟೆಯಲ್ಲಿ ಆಮ್ಲ ಇದ್ದರೇ ಅದು ಮೈಗೆ ಹತ್ತುವುದು. ಗ್ಯಾಸ್ ಮಾತ್ರೆಯನ್ನು ಸುಮ್ನೆ ಜೊತೆಗೆ ನುಂಗಿದರೆ ದುಬಾರಿ ಕ್ಯಾಪ್ಸೂಲ್ ಅರ್ಧ ವ್ಯರ್ಥ. ಹೃದಯದ ತೊಂದರೆ ಇದ್ದರೆ, ಬೇರೆ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿಬಿಡಿ.

ಮನೆಯಲ್ಲಿ ಮಾಡುವುದೂ ಇದೆ. ಟವೆಲ್, ಹಾಸಿಗೆ ಬೇರೆ ಇರಲಿ. ಬಟ್ಟೆ ಬಿಸಿನೀರಲ್ಲಿ ಒಗೆದು ಒಳಗಿನದು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದ್ದರೆ ಅವರನ್ನೂ ಈಗಲೇ ತೋರಿಸಿ. ಒಬ್ಬರಿಗೆ ವಾಸಿಯಾಗುವ ಹೊತ್ತಿಗೆ ಇನ್ನೊಬ್ಬರಿಂದ ಮತ್ತೆ ಬರುತ್ತದೆ. ಇನ್ನೊಂದು, ಉಡಿದಾರ. ಬೆವರು ಕುಡಿದು ಸದಾ ಒದ್ದೆಯಾಗಿರುವ ಆ ದಾರದಲ್ಲಿ ಫಂಗಸ್ ಉಳಿದುಕೊಳ್ಳುತ್ತದೆ. ತೆಗೆಯಿರಿ ಅಂದರೆ ಹಿರಿಯರಿಗೆ ಬೇಜಾರಾಗುತ್ತದೆ, ಅದು ನನಗೂ ಅರ್ಥ ಆಗುತ್ತದೆ. ಪೂರ್ತಿ ಗುಣ ಆದ ಮೇಲೆ ಹೊಸದು ಕಟ್ಟಿಕೊಳ್ಳಲಿ.

ಚೀಟಿಯಲ್ಲಿ ಕಾಣುವ ಉಳಿದ ಚಿಕ್ಕ ಅಕ್ಷರಗಳು ಸುಲಭ. ಓಡಿ ಅಂದರೆ ದಿನಕ್ಕೆ ಒಂದು ಸಲ, ಬಿಡಿ ಅಂದರೆ ಎರಡು ಸಲ, ಎಚ್‌ಎಸ್ ಅಂದರೆ ಮಲಗುವಾಗ, ಎಲ್‌ಎ ಅಂದರೆ ಮೇಲೆ ಹಚ್ಚುವುದು. ಎಲ್‌ಎ ಅಂತ ಇದ್ದದ್ದನ್ನು ನುಂಗಬಾರದು.

ಈಗ ಅಮ್ಮನ ವಿಷಯ. ಇದನ್ನು ನಿಧಾನವಾಗಿ ಓದಿ. ಹೈಪೋಪಿಗ್ಮೆಂಟೆಡ್ ಪ್ಯಾಚ್ ಅಂದರೆ ಸುತ್ತಲಿನ ಬಣ್ಣಕ್ಕಿಂತ ಮಾಸಿದ ಮಚ್ಚೆ. ತೊನ್ನು ಬೇರೆ. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿ ಹಾಲಿನ ಬಿಳುಪು ಬರುತ್ತದೆ, ಮುಟ್ಟಿದರೆ ಚೆನ್ನಾಗಿ ಗೊತ್ತಾಗುತ್ತದೆ. ಸೆನ್ಸೇಷನ್ ಇಂಪೇರ್ಡ್ ಅಂದರೆ ಆ ಜಾಗದಲ್ಲಿ ಸ್ಪರ್ಶ ಕಡಿಮೆಯಾಗಿದೆ. ಡಾಕ್ಟರ್ ಅಮ್ಮನಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಮುಟ್ಟಿ, ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಿ ಅಂದಿರಬೇಕು. ಮೊಣಕೈ ಹಿಂಭಾಗ ಒತ್ತಿಯೂ ನೋಡಿರಬೇಕು. ಅಲ್ಲಿ ಹಾದುಹೋಗುವ ನರ ದಪ್ಪಗಾಗಿದೆಯಾ ಅಂತ ನೋಡುವುದದು.

ಹ್ಯಾನ್ಸನ್ಸ್ ಅಂದರೆ ಕುಷ್ಠ. ಆ ಪದ ನೋಡಿ ಎದೆ ಝಲ್ ಅನ್ನಬಹುದು. ಆದರೆ ಪಕ್ಕದಲ್ಲಿ ಪ್ರಶ್ನೆ ಗುರುತು ಇದೆ. ಸಂಶಯ ಇದೆ, ಪರೀಕ್ಷೆ ಮಾಡಿ ನೋಡೋಣ ಅಂತ ಅಷ್ಟೇ. ಒಂದು ವೇಳೆ ಅದೇ ಆಗಿದ್ದರೂ ಪೂರ್ತಿ ಗುಣವಾಗುವ ಕಾಯಿಲೆ. 1873ರಲ್ಲಿ ನಾರ್ವೆಯ ವೈದ್ಯ ಹ್ಯಾನ್ಸನ್ ಇದರ ಬ್ಯಾಕ್ಟೀರಿಯಾ ಕಂಡುಹಿಡಿದ ಮೇಲೆ ಇದು ಶಾಪವೂ ಅಲ್ಲ, ವಂಶದ ದೋಷವೂ ಅಲ್ಲ ಅನ್ನೋದು ಸ್ಪಷ್ಟವಾಯಿತು. ಹೆಚ್ಚಿನವರ ದೇಹಕ್ಕೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. ಔಷಧಿ ಶುರುವಾದ ಮೇಲೆ ಅವರಿಂದ ಬೇರೆಯವರಿಗೆ ಹರಡುವುದಿಲ್ಲ. ಅಮ್ಮನ ತಟ್ಟೆ, ಲೋಟ ಬೇರೆ ಇಡಬೇಡಿ. ದಯವಿಟ್ಟು ಇಡಬೇಡಿ. ಮೊಮ್ಮಕ್ಕಳನ್ನು ದೂರ ಮಾಡಬೇಡಿ. ಈ ಕಾಯಿಲೆಯ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶವನ್ನೂ 2019ರಲ್ಲಿ ಕಾನೂನಿನಿಂದ ತೆಗೆದುಹಾಕಿದ್ದಾರೆ. ಕಾನೂನೇ ಬದಲಾಗಿದೆ, ನಮ್ಮ ಮನೆಗಳು ಬದಲಾಗಬಾರದಾ?

ಎಸ್‌ಎಸ್‌ಎಸ್ ಅಂದರೆ ಸ್ಲಿಟ್ ಸ್ಕಿನ್ ಸ್ಮಿಯರ್. ಕಿವಿಯ ಹಾಲೆಯನ್ನು ಬೆರಳಲ್ಲಿ ಒತ್ತಿ ಹಿಡಿದು ರಕ್ತ ಸರಿಸಿ, ಬ್ಲೇಡಿನಿಂದ ಒಂದು ಸಣ್ಣ ಗೀರು ಹಾಕಿ, ಒಳಗಿನ ರಸವನ್ನು ಕೆರೆದು ಸ್ಲೈಡಿಗೆ ಸವರುತ್ತಾರೆ. ಮಚ್ಚೆಯಿಂದಲೂ ತೆಗೆಯುತ್ತಾರೆ. ಇದು ನೆಗೆಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ಮಚ್ಚೆ ಕಡಿಮೆ ಇರುವವರಲ್ಲಿ ಅದು ನೆಗೆಟಿವ್ ಇರುವುದೇ ಜಾಸ್ತಿ. ಅದಕ್ಕೇ ಬಯಾಪ್ಸಿಯನ್ನೂ ಬರೆದಿದ್ದಾರೆ.

ಪಂಚ್ ಬಯಾಪ್ಸಿ ದಿನ ಹೀಗಿರುತ್ತದೆ. ಅಮ್ಮನನ್ನು ಮಲಗಿಸಿ ಜಾಗ ಒರೆಸುತ್ತೇವೆ. ಲಿಗ್ನೋಕೇನ್ ಇಂಜೆಕ್ಷನ್ ಕೊಡುವಾಗ ಒಂದು ಕ್ಷಣ ಚುರುಕ್ ಅನ್ನುತ್ತದೆ, ಆಮೇಲೆ ಮರಗಟ್ಟುತ್ತದೆ. ಪಂಚ್ ಅಂದರೆ ಪೆನ್ನಿನಂಥ ಹಿಡಿಕೆಯ ತುದಿಯಲ್ಲಿ ದುಂಡನೆಯ ಬ್ಲೇಡ್. ಸಾಮಾನ್ಯವಾಗಿ ಮೂರು, ನಾಲ್ಕು ಮಿಲಿಮೀಟರ್ ಅಗಲ. ಡಾಕ್ಟರ್ ತಿರುಗಿಸಿ ಒತ್ತಿ, ಬಂದ ಚೂರನ್ನು ಮೆಲ್ಲಗೆ ಎತ್ತಿ, ಬುಡ ಕತ್ತರಿಸಿ, ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿಗೆ ಹಾಕುತ್ತಾರೆ. ಬಾಟಲಿ ಮೇಲೆ ಅಮ್ಮನ ಹೆಸರು, ಓಪಿಡಿ ನಂಬರ್ ಸರಿ ಇದೆಯಾ ಅಂತ ನೀವೂ ಓದಿ. ಒಂದೋ ಎರಡೋ ಹೊಲಿಗೆ ಬೀಳುತ್ತದೆ. ಅದೇ ದಿನ ಮನೆಗೆ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಹೊಲಿಗೆ ಬಿಚ್ಚುವವರೆಗೆ ಆ ಕೈ ನಾಟಿ ಗದ್ದೆಯ ಕೆಸರಿಗೆ ಇಳಿಯಬಾರದು.

ರಿಪೋರ್ಟ್ ಬರುವ ತನಕ ಅಮ್ಮ ಒಲೆ ಮುಂದೆ ಹುಷಾರಾಗಿರಬೇಕು. ನೋವು ಗೊತ್ತಾಗದ ಕೈ ಸುಡುವುದು, ಕೊಯ್ಯುವುದು, ಆ ಗಾಯ ಕೀವಾಗುವುದು, ಇವುಗಳಿಂದಲೇ ಬೆರಳು ಹಾಳಾಗುವುದು. ಹಂಚು ಹಿಡಿಯುವಾಗ ದಪ್ಪ ಬಟ್ಟೆ ಇರಲಿ. ರಾತ್ರಿ ಮಲಗುವ ಮುಂಚೆ ಕೈ ಕಾಲು ನೀವೇ ಒಂದು ಸಲ ನೋಡಿ.

ಹ್ಯಾನ್ಸನ್ಸ್ ಅಂತಲೇ ಬಂದರೆ ಎಂಡಿಟಿ ಅನ್ನುವ ಮಾತ್ರೆ ಪ್ಯಾಕ್ ಶುರು ಮಾಡುತ್ತಾರೆ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಅದರಲ್ಲಿರುವ ಔಷಧಿಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ನಮ್ಮ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಅಷ್ಟು ದೂರ ಬೇಡ ಅಂದರೆ ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಕಾಯಿಲೆಯ ಬಗೆ ನೋಡಿ 6 ತಿಂಗಳು ಇಲ್ಲವೇ 12 ತಿಂಗಳು. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತ ಅಲ್ಲ. ಕ್ಲೋಫಾಜಿಮಿನ್‌ನಿಂದ ಮೈ ಸ್ವಲ್ಪ ಕಪ್ಪಾಗಬಹುದು, ಕೋರ್ಸ್ ಮುಗಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಜ್ವರದ ಜೊತೆ ಮೈತುಂಬ ದದ್ದು ಎದ್ದರೆ ಅದೇ ದಿನ ಆಸ್ಪತ್ರೆಗೆ ಕರಕೊಂಡು ಹೋಗಿ. ಮಚ್ಚೆ ಇದ್ದಕ್ಕಿದ್ದಂತೆ ಕೆಂಪಾಗಿ ಊದಿಕೊಂಡರೆ, ಮೊಣಕೈ ನೋವು ಬಂದು ಕಿರುಬೆರಳು ಸೋತರೆ ಅದಕ್ಕೆ ಲೆಪ್ರಾ ರಿಯಾಕ್ಷನ್ ಅನ್ನುತ್ತಾರೆ. ಆಗಲೂ ತಡ ಮಾಡಬೇಡಿ. ಅದಕ್ಕೆ ಬೇರೆ ಔಷಧಿ ಕೊಡುತ್ತಾರೆ, ಎಂಡಿಟಿಯನ್ನು ನೀವಾಗಿಯೇ ನಿಲ್ಲಿಸಬೇಡಿ.