ಎಂ.ಟೆಕ್ ಇಲ್ಲದೆ ಬಯೋಮೆಟೀರಿಯಲ್ಸ್ ಪಿಎಚ್‌ಡಿ?

ಮೆಕ್ಯಾನಿಕಲ್ ಬಿ.ಇ. ಆಗಿದೆ, ಎಂ.ಟೆಕ್ ಮಾಡದೆ ಬಯೋಮೆಟೀರಿಯಲ್ಸ್‌ನಲ್ಲಿ (ದೇಹದೊಳಗೆ ಅಳವಡಿಸುವಂಥ ವಸ್ತುಗಳ ಅಧ್ಯಯನ) ಪಿಎಚ್‌ಡಿ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಗೇಟ್ (ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಸ್ಕೋರ್ ಒಳ್ಳೆಯದಿದ್ದರೆ ಬೆಂಗಳೂರಿನ ಐಐಎಸ್‌ಸಿಗೆ ಬಿ.ಇ. ಮೇಲೆಯೇ ಅರ್ಜಿ ಹಾಕಬಹುದು, ಆಮೇಲೆ ಸಂದರ್ಶನ.

ಜೀವಶಾಸ್ತ್ರ ಓದಿಲ್ಲ ಅಂತ ಹಿಂಜರಿಯಬೇಡಿ. ಸೊಂಟದ ಕೀಲಿಗೆ ಹಾಕುವ ಟೈಟಾನಿಯಂ ಮಿಶ್ರಲೋಹದ ಯಂಗ್ಸ್ ಮಾಡ್ಯುಲಸ್ (ಭಾರಕ್ಕೆ ಬಗ್ಗದ ಬಿಗಿತದ ಅಳತೆ) ಸುಮಾರು 110 ಗಿಗಾಪಾಸ್ಕಲ್. ಗಟ್ಟಿ ಮೂಳೆಯದ್ದು 20ರ ಆಸುಪಾಸು. ಭಾರವನ್ನೆಲ್ಲ ಲೋಹವೇ ಹೊತ್ತುಕೊಂಡರೆ ಸುತ್ತಲಿನ ಮೂಳೆ ಕೆಲಸವಿಲ್ಲದೆ ತೆಳುವಾಗುತ್ತಾ ಹೋಗುತ್ತದೆ, ಕೊನೆಗೆ ಇಂಪ್ಲಾಂಟ್ ಸಡಿಲಾಗಬಹುದು. ಇದು ನೀವು ಬಿ.ಇ.ಯಲ್ಲಿ ಓದಿದ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಅಲ್ಲದೆ ಇನ್ನೇನು? ಸಂದರ್ಶನಕ್ಕೆ ಅದನ್ನೇ ಗಟ್ಟಿ ಮಾಡಿಕೊಳ್ಳಿ.

ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನೂ ನೋಡಿ. 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದ ದೇಶೀ ಹೃದಯ ಕವಾಟ ಅಲ್ಲಿಯದೇ. ಜರ್ಮನಿ ತಲೆಯಲ್ಲಿದ್ದರೆ ಮಾತ್ರ ಬೇರೆ ಲೆಕ್ಕ, ಅಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಕೇಳುತ್ತಾರೆ.