ಸಭೆಯಲ್ಲಿ ಬೇಡ ಅಂದೆವು, ಮಿನಿಟ್ಸ್‌ನಲ್ಲಿ ‘ಸರ್ವಾನುಮತ’ ಅಂತ ಬಂತು

ಪ್ರಶ್ನೆ: ನಾನು ಬೆಂಗಳೂರಿನ ಒಂದು ಚಾರಿಟಬಲ್ ಆಸ್ಪತ್ರೆಯ ಟ್ರಸ್ಟಿ. ನಾವು ಒಟ್ಟು ಒಂಬತ್ತು ಜನ. ಇರುವ ಹಣದಲ್ಲಿ ಕ್ಯಾಥ್ ಲ್ಯಾಬ್ (ಹೃದಯದ ರಕ್ತನಾಳದ ತಡೆ ಪತ್ತೆ ಮಾಡಿ ತೆಗೆಯುವ ಘಟಕ) ಮಾಡಬೇಕು ಅನ್ನುವುದು ಅಧ್ಯಕ್ಷರ ಆಸೆ. ಡಯಾಲಿಸಿಸ್ ವಿಭಾಗವನ್ನೇ ದೊಡ್ಡದು ಮಾಡೋಣ ಅಂತ ನಾನು ಮತ್ತು ಇಬ್ಬರು ಡಾಕ್ಟರುಗಳು ಹೇಳಿದೆವು. ಆದರೆ ಸಭೆಗೆ ಮೊದಲೇ ಫೋನಿನಲ್ಲಿ ಎಲ್ಲ ತೀರ್ಮಾನವಾಗಿತ್ತು. ಮಿನಿಟ್ಸ್‌ನಲ್ಲಿ (ಸಭೆಯ ನಡಾವಳಿಯಲ್ಲಿ) ‘ಸರ್ವಾನುಮತದಿಂದ’ ಎಂದು ಬರೆದಿದ್ದಾರೆ. ಯಂತ್ರ ಪೂರೈಸುವ ಸಂಸ್ಥೆಯಲ್ಲಿ ಒಬ್ಬ ಟ್ರಸ್ಟಿಯ ಅಳಿಯ ಪಾಲುದಾರ. ಅಧ್ಯಕ್ಷರು ಹಿರಿಯರು, ಆಸ್ಪತ್ರೆ ಕಟ್ಟಿದವರು. ಅವರ ಜೊತೆ ಜಗಳ ನನಗೆ ಬೇಡ. ರಾಜೀನಾಮೆ ಕೊಡಲೇ?
– ಹೆಸರು ಬೇಡ, ಜಯನಗರ

ಉತ್ತರ: ರಾಜೀನಾಮೆ ಕೊಡಬೇಡಿ. ನೀವು ಹೊರಗೆ ಬಂದರೆ ಡಯಾಲಿಸಿಸ್ ರೋಗಿಗಳ ಪರ ಮಾತಾಡುವವರು ಒಬ್ಬರು ಕಡಿಮೆಯಾಗುತ್ತಾರೆ. ಆ ಮಿನಿಟ್ಸ್ ಮಾತ್ರ ಹಾಗೇ ಉಳಿಯುತ್ತದೆ.

ಮೊದಲು ಅದನ್ನು ತಿದ್ದಿಸಿ. ಮೂವರು ಬೇಡ ಅಂದ ನಿರ್ಣಯವನ್ನು ಸರ್ವಾನುಮತ ಎಂದು ಬರೆದರೆ ಅದು ಸುಳ್ಳು ದಾಖಲೆ. ನಾಳೆ ಆಡಿಟರೋ ದಾನಿಗಳೋ ಕೇಳಿದರೆ ನೀವೂ ಒಪ್ಪಿದ್ದಿರಿ ಅಂತಲೇ ಲೆಕ್ಕ. ಕಾರ್ಯದರ್ಶಿಗೆ ಒಂದು ಚಿಕ್ಕ ಪತ್ರ ಬರೆಯಿರಿ. ‘ಈ ಕಾರಣಕ್ಕೆ ನಾನು ಒಪ್ಪಿರಲಿಲ್ಲ. ಮುಂದಿನ ಸಭೆಯಲ್ಲಿ ಮಿನಿಟ್ಸ್ ದೃಢಪಡಿಸುವ ಮೊದಲು ಅದನ್ನು ಸೇರಿಸಿ’ ಅಂದರೆ ಸಾಕು. ಯಾರ ಮೇಲೂ ಆರೋಪ ಬೇಡ. ಸಾಮಾನ್ಯ ಕಂಪನಿಗಳಲ್ಲಿ, ಒಪ್ಪದ ನಿರ್ದೇಶಕರ ಹೆಸರು ಮಿನಿಟ್ಸ್‌ನಲ್ಲಿ ಇರಲೇಬೇಕು ಎಂದು 2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್ ಹೇಳುತ್ತದೆ. ಟ್ರಸ್ಟ್‌ಗೆ ಆ ಕಾಯ್ದೆ ಬರುವುದಿಲ್ಲ, ಆದರೆ ಪದ್ಧತಿ ಒಳ್ಳೆಯದು. ನಿಮಗೆ ಟ್ರಸ್ಟ್ ಡೀಡೇ (ಟ್ರಸ್ಟ್ ಸ್ಥಾಪನೆಯ ಪತ್ರವೇ) ಆಧಾರ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಎಷ್ಟು, ಬಹುಮತ ಸಾಕೇ, ಅಧ್ಯಕ್ಷರಿಗೆ ಕಾಸ್ಟಿಂಗ್ ವೋಟ್ (ಸಮ ಮತ ಬಿದ್ದಾಗ ಹಾಕುವ ನಿರ್ಣಾಯಕ ಮತ) ಇದೆಯೇ, ಒಮ್ಮೆ ಕೂತು ಓದಿ.

ಅಳಿಯನ ವಿಷಯವನ್ನು ಇದರ ಜೊತೆ ಸೇರಿಸಬೇಡಿ. ಅದು ಅಭಿಪ್ರಾಯದ ಪ್ರಶ್ನೆಯೇ ಅಲ್ಲ. ಆ ಟ್ರಸ್ಟಿ ತಮ್ಮ ಸಂಬಂಧವನ್ನು ಬರಹದಲ್ಲಿ ತಿಳಿಸಬೇಕು. ಖರೀದಿಯ ಚರ್ಚೆ ಬಂದಾಗ ಎದ್ದು ಹೊರಗೆ ಹೋಗಬೇಕು, ವೋಟು ಹಾಕಬಾರದು. ಬೇರೆ ಕಡೆಯಿಂದಲೂ ಕೊಟೇಷನ್ ತರಿಸಬೇಕು. ಟ್ರಸ್ಟಿಯ ಸಂಬಂಧಿಕರಿಗೆ ಟ್ರಸ್ಟ್ ಹಣದಿಂದ ಲಾಭವಾದರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರಬಹುದು. ಎಲ್ಲರ ಮುಂದೆ ಎತ್ತುವ ಮೊದಲು ಆ ಟ್ರಸ್ಟಿಗೇ ಹೇಳಿನೋಡಿ: ‘ಸರ್, ನೀವೇ ಮೊದಲು ಹೇಳಿಬಿಡಿ, ನಿಮಗೂ ಒಳ್ಳೇದು.’ ಹೀಗೆ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಇನ್ನು ನಿಜವಾದ ಚರ್ಚೆ. ಅದು ಇನ್ನೂ ನಡೆದೇ ಇಲ್ಲ ಅಂತ ನನಗನಿಸುತ್ತದೆ. ಎರಡೂ ಕಡೆಯವರು ಸಭೆಗೆ ಒಂದು ವಾರ ಮೊದಲು ಎರಡು ಪುಟದ ಟಿಪ್ಪಣಿ ಕೊಡಲಿ. ಕ್ಯಾಥ್ ಲ್ಯಾಬ್‌ಗೆ ರಾತ್ರಿಯೂ ಹೃದ್ರೋಗ ತಜ್ಞರು, ಟೆಕ್ನಿಷಿಯನ್ನರು, ಐಸಿಯು ಹಾಸಿಗೆ ಬೇಕು. ಅವರು ಎಲ್ಲಿಂದ ಬರುತ್ತಾರೆ? ಬನ್ನೇರುಘಟ್ಟ ರಸ್ತೆಯಲ್ಲೇ ಜಯದೇವ ಆಸ್ಪತ್ರೆ ಇರುವಾಗ ನಿಮ್ಮಲ್ಲಿಗೆ ಯಾವ ರೋಗಿ ಬರುತ್ತಾರೆ? ಡಯಾಲಿಸಿಸ್‌ನವರಿಗೂ ಇಷ್ಟೇ ಗಟ್ಟಿ ಪ್ರಶ್ನೆಗಳಿರಲಿ. ಸಾಮಾನ್ಯವಾಗಿ ಒಬ್ಬ ರೋಗಿ ವಾರಕ್ಕೆ ಎರಡು ಮೂರು ಸಲ ಬರುತ್ತಾರೆ, ಪ್ರತಿ ಸಲ ಸುಮಾರು 4 ಗಂಟೆ ಬೇಕು. ಎಷ್ಟು ಶಿಫ್ಟ್ ನಡೆಸಬಲ್ಲಿರಿ? ಡಯಾಲಿಸಿಸ್‌ಗೆ ಬೇಕಾದ ಶುದ್ಧ ನೀರು ಕೊಡುವ ಆರ್‌ಒ ಘಟಕ ಸಾಕೇ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ದರದಲ್ಲಿ ಖರ್ಚು ಹುಟ್ಟುತ್ತದೆಯೇ?

ಇನ್ನೊಂದು ಕೆಲಸ ಮಾಡಿ. ಕ್ಯಾಥ್ ಲ್ಯಾಬ್ ಪರ ಇರುವ ಅತ್ಯಂತ ಬಲವಾದ ಕಾರಣವನ್ನು ನೀವೇ ನಿಮ್ಮ ಟಿಪ್ಪಣಿಯಲ್ಲಿ ಬರೆಯಿರಿ. ಹೃದಯಾಘಾತದಲ್ಲಿ ಒಂದೊಂದು ನಿಮಿಷವೂ ಮುಖ್ಯ, ನಮ್ಮ ಊರಿನ ಟ್ರಾಫಿಕ್ ಹೇಗಿದೆ ಅಂತ ಎಲ್ಲರಿಗೂ ಗೊತ್ತು ಅಲ್ವಾ? ಅಧ್ಯಕ್ಷರು ಬಹುಶಃ ಅದನ್ನೇ ಯೋಚಿಸುತ್ತಿದ್ದಾರೆ. ಅವರ ಮಾತು ನಿಮಗೆ ಅರ್ಥವಾಗಿದೆ ಅಂತ ಕಂಡರೆ ನಿಮ್ಮ ಮಾತಿಗೂ ಕಿವಿ ಕೊಡುತ್ತಾರೆ.

ಹಿರಿಯರು ಮೊದಲು ಮಾತಾಡಿದರೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ. ಹಾಗಾಗಿ ಅಧ್ಯಕ್ಷರ ಮನೆಗೆ ಹೋಗಿ ಕೇಳಿಕೊಳ್ಳಿ: ‘ಸರ್, ಈ ಸಲ ನೀವು ಕೊನೆಗೆ ಹೇಳಿ.’ ಅವರ ಗೌರವಕ್ಕೆ ಇದರಿಂದ ಕುಂದಿಲ್ಲ.

ಬೋರ್ಡ್ ಕಿವಿ ಮುಚ್ಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಸಾಕ್ಷಿ. ಅಲ್ಲಿನ ಬೋರ್ಡ್ ಹಣಕಾಸು ಮತ್ತು ಟಾರ್ಗೆಟ್‌ಗಳ ಹಿಂದೆ ಬಿದ್ದು ರೋಗಿಗಳ, ಸಿಬ್ಬಂದಿಯ ಮಾತು ಕೇಳಲಿಲ್ಲ. ರೋಗಿಗಳು ತುಂಬಾ ಕಷ್ಟಪಟ್ಟರು. 2013ರಲ್ಲಿ ಬಂದ ರಾಬರ್ಟ್ ಫ್ರಾನ್ಸಿಸ್ ವಿಚಾರಣಾ ವರದಿ 290 ಶಿಫಾರಸು ಮಾಡಬೇಕಾಯಿತು.

ಇಷ್ಟಾದ ಮೇಲೂ ಬಹುಮತ ಕ್ಯಾಥ್ ಲ್ಯಾಬ್ ಕಡೆಗೇ ಹೋದರೆ ಒಪ್ಪಿಕೊಳ್ಳಿ. ಕ್ಯಾಂಟೀನಿನಲ್ಲಿ ನರ್ಸ್‌ಗಳ ಮುಂದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಬೇಸರ ತೋಡಿಕೊಳ್ಳಬೇಡಿ. ರೋಗಿಗಳ ಸುರಕ್ಷತೆಗೇ ಅಪಾಯ ಅನಿಸಿದರೆ ಮಾತ್ರ ಬಹುಮತ ಅಂತ ಸುಮ್ಮನಿರಬಾರದು. ಕಾರಣ ಬರೆದುಕೊಟ್ಟು, ಹೊರಗಿನ ತಜ್ಞರ ಅಭಿಪ್ರಾಯ ಕೇಳಿ. ಉಳಿದಂತೆ, ಆರು ತಿಂಗಳಿಗೊಮ್ಮೆ ಕ್ಯಾಥ್ ಲ್ಯಾಬಿನ ರೋಗಿಗಳ ಸಂಖ್ಯೆ, ಖರ್ಚು, ತೊಡಕಾದ ಕೇಸುಗಳ ಲೆಕ್ಕ ಬೋರ್ಡ್ ಮುಂದೆ ಬರಬೇಕು ಎಂದು ನಿರ್ಣಯದಲ್ಲೇ ಬರೆಸಿ. ಡಯಾಲಿಸಿಸ್‌ಗೆ ಕಾಯುತ್ತಿರುವವರ ಪಟ್ಟಿಯೂ ಅದೇ ಕಾಗದದಲ್ಲಿ ಇರಲಿ.